ಮೂಲೆಗಳಿಲ್ಲದ ತೊಟ್ಟಿ: ಮೇಜಿನ ಮೇಲೆ ಇಡುವ ಜೆಲ್ಲಿ ಮೀನು ಅಕ್ವೇರಿಯಂನ ವಿಮರ್ಶೆ

ಜೆಲ್ಲಿ ಮೀನುಗಳನ್ನು ಮನೆಯೊಳಗೆ ಸಾಕಲೆಂದೇ ರೂಪಿಸಿದ, ಮೇಜಿನ ಮೇಲೆ ಇಡಬಹುದಾದ ಅಕ್ವೇರಿಯಂಗಳನ್ನು ಈಗ ಹಲವು ಕಂಪನಿಗಳು ಮಾರುತ್ತಿವೆ. ಅವುಗಳಲ್ಲಿ ಒಂದನ್ನು ನಾನು ಬಹಳ ಕಾಲದಿಂದ ಬಳಸುತ್ತಿದ್ದೇನೆ. ಕಂಪನಿಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಮುಂದೆ ಬರುವ ಮೆಚ್ಚುಗೆ, ಆಕ್ಷೇಪ ಎರಡೂ ಬಹುಮಟ್ಟಿಗೆ ಈ ಬಗೆಯ ಎಲ್ಲ ತೊಟ್ಟಿಗಳಿಗೂ ಸಲ್ಲುವಂಥವು. ಪೆಟ್ಟಿಗೆಯಲ್ಲಿ ಬಂದದ್ದು ಅಡ್ಡಲಾಗಿ ಇರಿಸಿದ ಸಿಲಿಂಡರಿನಂಥ ಅಕ್ರಿಲಿಕ್ ತೊಟ್ಟಿ, ವೇಗ ಹೊಂದಿಸಬಹುದಾದ ಸಣ್ಣ ಪಂಪ್, ಜಾಲರಿಯ ಹಿಂದೆ ಅಡಗಿರುವ ಫಿಲ್ಟರ್ ಕೋಣೆ, ಬಣ್ಣ ಬದಲಿಸುವ ಎಲ್‌ಇಡಿ ದೀಪ, ಸಮುದ್ರದ ಉಪ್ಪಿನ ಪೊಟ್ಟಣ, ನೀರಿನ ಪರೀಕ್ಷೆಯ ಸಾಮಗ್ರಿ, ಉದ್ದನೆಯ ಪಿಪೆಟ್ ಮತ್ತು ಒಂದು ಕೈಪಿಡಿ. ಪ್ರಾಣಿಗಳು ಬೇರೆಯಾಗಿ, ನೀರು ತುಂಬಿದ ಚೀಲದಲ್ಲಿ ಬಂದವು. ಅವು ಆರೇಲಿಯಾ ಕುಲದವು, ಸಾಮಾನ್ಯವಾಗಿ ಚಂದ್ರ ಜೆಲ್ಲಿ ಎಂದು ಕರೆಯಲಾಗುವ, ಅಂಗೈಗಿಂತ ಚಿಕ್ಕ ಮರಿಗಳು.

ಇಂಥ ತೊಟ್ಟಿಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಅದು ಕೋಣೆಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ, ಸದ್ದು ಮಾಡುತ್ತದೆಯೇ, ತೊಳೆಯುವುದು ಸುಲಭವೇ ಎಂಬುದನ್ನು ಹೇಳುತ್ತಾರೆ. ಚೆನ್ನಾಗಿ ಕಾಣುತ್ತದೆ, ಸದ್ದು ಬಹಳ ಕಡಿಮೆ, ತೊಳೆಯುವುದು ಸುಲಭವಲ್ಲ. ಆದರೆ ಇವುಗಳಿಗಿಂತ ಮುಖ್ಯವಾದ ಅಳತೆಗೋಲು ಬೇರೆಯಿದೆ ಎಂಬುದು ನನ್ನ ಅಭಿಪ್ರಾಯ. ಈಜುವ ಚಂದ್ರ ಜೆಲ್ಲಿಯ ದೇಹದ ಒಂದೊಂದು ಭಾಗವೂ ಗೋಡೆಯೇ ಇಲ್ಲದ ನೀರಿಗೆ ಒಗ್ಗಿಕೊಂಡು ರೂಪುಗೊಂಡಿದೆ. ತೆರೆದ ನೀರಿನಲ್ಲಿ ಈಜುವ ಜೀವಿಗೆ ಯಾವುದಕ್ಕಾದರೂ ಡಿಕ್ಕಿ ಹೊಡೆಯುವ ಪ್ರಸಂಗವೇ ಅಪರೂಪ. ಹಿಂದೆ ಸರಿಯಲು, ಮೂಲೆಯಿಂದ ಹೊರಬರಲು, ಉಜ್ಜಿದ ಚರ್ಮವನ್ನು ತಡೆದುಕೊಳ್ಳಲು ಬೇಕಾದ ಯಾವ ಸಿದ್ಧತೆಯೂ ಅದರಲ್ಲಿ ಇಲ್ಲ. ಹಾಗಾಗಿ ಇಂಥ ತೊಟ್ಟಿಯ ಗುಣವನ್ನು ಅದು ಆ ಪ್ರಾಣಿಯಿಂದ ತನ್ನ ಗೋಡೆಯನ್ನು ಎಷ್ಟರಮಟ್ಟಿಗೆ ಮರೆಮಾಚುತ್ತದೆ ಎಂಬುದರಿಂದಲೇ ಅಳೆಯಬೇಕು.

ಈ ಪರೀಕ್ಷೆಯಲ್ಲಿ ನನ್ನ ತೊಟ್ಟಿ ಬಹುಪಾಲು ಗೆದ್ದಿದೆ. ಅದರ ಆಕಾರ ಕಂಪನಿಯ ಸ್ವಂತ ಕಲ್ಪನೆಯೇನೂ ಅಲ್ಲ. ಸಮುದ್ರದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಪ್ರಯೋಗಾಲಯದಲ್ಲಿ ಸಾಕಲು ಜರ್ಮನಿಯ ವಿಜ್ಞಾನಿ ವುಲ್ಫ್ ಗ್ರೇವೆ 1968ರಲ್ಲಿ ‘ಪ್ಲಾಂಕ್ಟನ್ ಕ್ರೈಸೆಲ್’ ಎಂಬ ದುಂಡಗಿನ ತೊಟ್ಟಿಯನ್ನು ವಿವರಿಸಿದರು. ವಿಲಿಯಂ ಹ್ಯಾಮ್ನರ್ 1990ರಲ್ಲಿ ಅದನ್ನು ಹಡಗಿನ ಮೇಲೂ ಬಳಸುವಂತೆ ಸುಧಾರಿಸಿದರು. ಇಂದು ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳಲ್ಲಿ ಕಾಣುವ ಜೆಲ್ಲಿ ಮೀನಿನ ತೊಟ್ಟಿಗಳು ಬಹುತೇಕ ಇದೇ ತತ್ವದ ಮೇಲೆ ನಿಂತಿವೆ. ಒಂದು ಅಂಚಿನಿಂದ ತೆಳುವಾದ ಪದರದಂತೆ ನೀರು ಒಳಬಂದು, ಗೋಡೆಯ ಬಾಗನ್ನು ಅನುಸರಿಸಿ ನಿಧಾನವಾಗಿ ಸುತ್ತುತ್ತದೆ. ಗೋಡೆಯ ಹತ್ತಿರ ಬಂದ ಪ್ರಾಣಿಯನ್ನು ಆ ಹರಿವೇ ಮೆಲ್ಲಗೆ ನಡುವಿಗೆ ಸರಿಸುತ್ತದೆ. ನೀರು ಹೊರಹೋಗುವ ಜಾಲರಿಯ ಮುಂದೆಯೂ ಅದೇ ಪದರ ಹಾದುಹೋಗುವುದರಿಂದ ಪ್ರಾಣಿ ಜಾಲರಿಗೆ ಅಂಟಿಕೊಳ್ಳುವುದು ತಪ್ಪುತ್ತದೆ. ಮೂಲೆಯೇ ಇಲ್ಲದಿರುವುದರಿಂದ ಸಿಕ್ಕಿಹಾಕಿಕೊಳ್ಳುವ ಜಾಗವೂ ಇಲ್ಲ. ಚೌಕ ತೊಟ್ಟಿಯಲ್ಲಿ ಚಂದ್ರ ಜೆಲ್ಲಿಯನ್ನು ಇಟ್ಟವರು ಅದು ಒಂದು ಮೂಲೆಗೆ ಹೋಗಿ ಅಲ್ಲಿಯೇ ಬಡಿದುಕೊಂಡು ಕೊಡೆಯ, ಅಂದರೆ ಛತ್ರಿಯಾಕಾರದ ತನ್ನ ದೇಹದ, ಅಂಚನ್ನು ಸವೆಸಿಕೊಳ್ಳುವುದನ್ನು ನೋಡಿರುತ್ತಾರೆ.

ಪಂಪಿನ ವೇಗವನ್ನು ಹೊಂದಿಸುವುದರಲ್ಲಿಯೇ ಈ ಉತ್ಪನ್ನದ ಯಶಸ್ಸು, ಸೋಲು ಎರಡೂ ಇವೆ. ಕೈಪಿಡಿಯಲ್ಲಿ ‘ಮಧ್ಯಮ ವೇಗ’ ಎಂದಷ್ಟೇ ಇದೆ. ನನಗೆ ಇದು ಸಾಲದು ಅನಿಸಿತು, ಏಕೆಂದರೆ ಸರಿಯಾದ ವೇಗ ಯಾವುದೆಂದು ಹೇಳಬೇಕಾದದ್ದು ಗುಂಡಿಯ ಮೇಲಿನ ಗುರುತಲ್ಲ, ಪ್ರಾಣಿಯ ಈಜು. ಚಂದ್ರ ಜೆಲ್ಲಿಯ ಕೊಡೆಯ ಒಳಬದಿಯಲ್ಲಿ ಅದನ್ನು ಕುಗ್ಗಿಸುವ ಸ್ನಾಯುಗಳಿವೆ, ಅಗಲಿಸುವ ಸ್ನಾಯುಗಳಿಲ್ಲ. ಹೊರಗಿನ ಮತ್ತು ಒಳಗಿನ ಎರಡು ಜೀವಕೋಶ ಪದರಗಳ ನಡುವೆ ಮೀಸೊಗ್ಲಿಯಾ ಎಂಬ ದಪ್ಪನೆಯ ಲೋಳೆ ತುಂಬಿದ್ದು, ಸ್ನಾಯು ಸಡಿಲಾದೊಡನೆ ಈ ಲೋಳೆಯ ಸ್ಥಿತಿಸ್ಥಾಪಕತ್ವವೇ ಕೊಡೆಯನ್ನು ಮೊದಲಿನ ಆಕಾರಕ್ಕೆ ತರುತ್ತದೆ. ಹಾಗೆ ಅಗಲುವಾಗ ಕೊಡೆಯ ಕೆಳಗೆ ಉಂಗುರದಂಥ ಸುಳಿಯೊಂದು ರೂಪುಗೊಂಡು ಪ್ರಾಣಿಯನ್ನು ಕೆಳಗಿನಿಂದ ಮತ್ತೊಮ್ಮೆ ತಳ್ಳುತ್ತದೆ. ಬ್ರಾಡ್ ಗೆಮ್ಮೆಲ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕೊಡೆ ಕುಗ್ಗಿ ಅಗಲುವ ಪ್ರತಿ ಬಡಿತದಲ್ಲಿಯೂ ಈ ಎರಡನೆಯ ತಳ್ಳುವಿಕೆಯಿಂದ, ಹೆಚ್ಚಿನ ಶಕ್ತಿಯ ಖರ್ಚಿಲ್ಲದೆ, ಚಂದ್ರ ಜೆಲ್ಲಿ ಶೇ. 30ರಷ್ಟು ಹೆಚ್ಚು ದೂರ ಸಾಗುತ್ತದೆ. ದೇಹದ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ಅದರ ಪ್ರಯಾಣದ ವೆಚ್ಚ ಇತರ ಪ್ರಾಣಿಗಳಿಗಿಂತ ಕಡಿಮೆ, ಈ ಎರಡನೆಯ ತಳ್ಳುವಿಕೆಯಿಂದಲೇ ಆ ವೆಚ್ಚ ಶೇ. 48ರಷ್ಟು ಸುಧಾರಿಸುತ್ತದೆ ಎಂಬುದು ಅವರ ಅಂದಾಜು. ಆಹಾರ ಎಲ್ಲಿ ಸಿಗುವುದೋ ತಿಳಿಯದ ವಿಶಾಲವಾದ ನೀರಿನಲ್ಲಿ, ನಿಧಾನವಾಗಿ ಆದರೆ ಬಿಡುವಿಲ್ಲದೆ ಸಾಗಬೇಕಾದ ಜೀವಿಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಬೇರೊಂದಿರಲಾರದು.

ತೊಟ್ಟಿಯಲ್ಲಿ ಇದನ್ನು ಬರಿಗಣ್ಣಿನಿಂದಲೇ ನೋಡಬಹುದು. ಪಂಪನ್ನು ತೀರಾ ಕಡಿಮೆ ಮಾಡಿ ಒಂದೇ ಪ್ರಾಣಿಯ ಮೇಲೆ ಕಣ್ಣಿಟ್ಟರೆ, ಕೊಡೆ ಕುಗ್ಗಿ ಮುಂದಕ್ಕೆ ಚಿಮ್ಮುವುದು, ಅಗಲಿ ನಿಲ್ಲುವುದು, ನಿಂತಿತು ಎನ್ನುವಷ್ಟರಲ್ಲಿ ಯಾರೂ ತಳ್ಳದೆಯೇ ಇನ್ನಷ್ಟು ಮುಂದೆ ಜಾರುವುದು ಸ್ಪಷ್ಟವಾಗಿ ಕಾಣುತ್ತದೆ. ಪಂಪಿನ ವೇಗ ಹೆಚ್ಚಾದರೆ ಈ ಕೊನೆಯ ಜಾರುವಿಕೆ ಕಾಣೆಯಾಗಿ, ಪ್ರಾಣಿಗಳು ಒಗೆಯುವ ಯಂತ್ರದೊಳಗಿನ ಬಟ್ಟೆಗಳಂತೆ ಸುಮ್ಮನೆ ತಿರುಗುತ್ತವೆ. ತೀರಾ ಕಡಿಮೆಯಾಗಿಯೇ ಬಿಟ್ಟರೆ ತಳದಲ್ಲಿ ಕುಳಿತುಬಿಡುತ್ತವೆ. ಆ ಜಾರುವಿಕೆ ಕಾಣುವಷ್ಟು ನಿಧಾನ, ತಳ ಮುಟ್ಟದಷ್ಟು ಚುರುಕು ಎಂಬುದೇ ನಾನು ಕಂಡುಕೊಂಡ ಸರಿಯಾದ ಹೊಂದಿಕೆ. ಪ್ರಾಣಿ ಬೆಳೆದಂತೆ ಇದನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ. ಈ ಪಂಪ್ ಅಷ್ಟು ಸೂಕ್ಷ್ಮವಾದ ಬದಲಾವಣೆಗೆ ಅವಕಾಶ ಕೊಡುತ್ತದೆ ಎಂಬುದು ದೊಡ್ಡ ಗುಣ.

ಪಂಪಿನ ಒಂದು ದೋಷವನ್ನು ಮುಚ್ಚಿಡಲಾಗದು. ನೀರಿನ ಮಟ್ಟ ಸ್ವಲ್ಪ ಇಳಿದರೂ ಅದು ಗಾಳಿ ಎಳೆದುಕೊಂಡು ಸಣ್ಣ ಗುಳ್ಳೆಗಳನ್ನು ತೊಟ್ಟಿಗೆ ಬಿಡುತ್ತದೆ. ಮೀನಿನ ತೊಟ್ಟಿಯಲ್ಲಿ ಗುಳ್ಳೆ ಒಳ್ಳೆಯದು. ಇಲ್ಲಿ ಅದು ಅಪಾಯ. ಗುಳ್ಳೆ ಕೊಡೆಯ ಕೆಳಗೆ ಸೇರಿಕೊಂಡರೆ ಪ್ರಾಣಿ ಮೇಲ್ಮೈಗೆ ತೇಲಿ ನಿಲ್ಲುತ್ತದೆ, ಬಹಳ ಹೊತ್ತು ಉಳಿದರೆ ಮೃದುವಾದ ಅಂಗಾಂಶವನ್ನು ತೂತು ಮಾಡಿಕೊಂಡು ಹೊರಬರುತ್ತದೆ. ನೀರಿನ ಮಟ್ಟದ ಕನಿಷ್ಠ ಗೆರೆಯೊಂದನ್ನು ಗೋಡೆಯ ಮೇಲೆ ಅಚ್ಚು ಹಾಕುವುದು ಕಂಪನಿಗೆ ಕಷ್ಟದ ಕೆಲಸವಾಗಿರಲಿಲ್ಲ. ಇನ್ನು ಗಾಳಿಯ ಪಂಪ್ ಬೇಡ ಎಂದು ಕೈಪಿಡಿ ಹೇಳುವುದು ಸರಿಯಾಗಿಯೇ ಇದೆ. ಚಂದ್ರ ಜೆಲ್ಲಿಗೆ ಕಿವಿರುಗಳಿಲ್ಲ, ತೆಳುವಾದ ಜೀವಕೋಶ ಪದರಗಳ ಮೂಲಕವೇ ಆಮ್ಲಜನಕ ಒಳಸೇರುತ್ತದೆ, ದೇಹದ ಸುಮಾರು ಶೇ. 95 ಭಾಗ ನೀರೇ ಆಗಿರುವುದರಿಂದ ಅದರ ಅಗತ್ಯವೂ ಕಡಿಮೆ. ಮೀಸೊಗ್ಲಿಯಾದಲ್ಲಿ ಒಂದಿಷ್ಟು ಆಮ್ಲಜನಕ ಸಂಗ್ರಹವಾಗಿಯೂ ಇರುತ್ತದೆ. ಮೀನುಗಳು ಉಸಿರುಗಟ್ಟಿ ದೂರ ಸರಿಯುವಷ್ಟು ಆಮ್ಲಜನಕ ಕುಸಿದ ಕಡಲ ನೀರಿನಲ್ಲಿಯೂ ಜೆಲ್ಲಿ ಮೀನುಗಳು ಉಳಿದುಕೊಳ್ಳಲು ಇದೂ ಒಂದು ಕಾರಣ.

ಈ ತೊಟ್ಟಿಯನ್ನು ಕೊಂಡದ್ದು ಸಾರ್ಥಕ ಎಂದು ನನಗೆ ಅನಿಸುವುದು ಆಹಾರ ಕೊಡುವ ಹೊತ್ತಿನಲ್ಲಿ. ಆಗ ತಾನೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸಿಗಡಿಯ ಮರಿಗಳನ್ನು ಪಿಪೆಟ್ಟಿನಿಂದ ಪ್ರಾಣಿಯ ಹತ್ತಿರ ಬಿಡಬೇಕು. ಚಂದ್ರ ಜೆಲ್ಲಿ ಬೇಟೆಯನ್ನು ಬೆನ್ನಟ್ಟುವುದಿಲ್ಲ. ಕಿತ್ತಳೆ ಬಣ್ಣದ ಚುಕ್ಕೆಗಳಂಥ ಮರಿಗಳು ಕೊಡೆಯ ಮೇಲ್ಮೈಯ ತೆಳ್ಳನೆಯ ಲೋಳೆಗೆ ಮತ್ತು ಅಂಚಿನ ನವಿರಾದ ಗ್ರಹಣಾಂಗಗಳಿಗೆ ಅಂಟಿಕೊಳ್ಳುತ್ತವೆ. ಬಳಿಕ ಮೇಲ್ಮೈಯ ಕಣ್ಣಿಗೆ ಕಾಣದ ರೋಮಗಳ ಅಲುಗಾಟದಿಂದ ಅವು ನಿಧಾನವಾಗಿ ಕೊಡೆಯ ಅಂಚಿನ ಕಡೆಗೆ ಸಾಗಿ, ಅಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಸೇರುತ್ತವೆ. ಬಾಯಿಯ ಸುತ್ತ ಇಳಿಬಿದ್ದಿರುವ ನಾಲ್ಕು ತೋಳುಗಳಲ್ಲಿ ಒಂದು ಅಂಚಿನ ಕಡೆಗೆ ಬಾಗಿ ಆ ಗುಂಪನ್ನು ಎತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಪಾರದರ್ಶಕ ದೇಹದ ನಡುವಿನ ಹೊಟ್ಟೆಯ ಚೀಲಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಯಾವ ಪ್ರಾಣಿಗೆ ಊಟ ಸಿಕ್ಕಿದೆ, ಯಾವುದಕ್ಕೆ ಸಿಕ್ಕಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಪಿಪೆಟ್ ಉದ್ದವಾಗಿದ್ದು ತುದಿ ಬಾಗಿರುವುದರಿಂದ ತೊಟ್ಟಿಯ ತಳದವರೆಗೂ ನೀರನ್ನು ಕಲಕದೆ ತಲುಪಬಹುದು. ಯಾರೋ ಯೋಚಿಸಿ ಮಾಡಿದ ಸಾಧನವಿದು.

ಅಂಟಿಕೊಂಡ ಮರಿಗಳು ತಪ್ಪಿಸಿಕೊಳ್ಳದಿರಲು ಕಾರಣ ಕುಟುಕು ಕೋಶಗಳು. ಜೆಲ್ಲಿ ಮೀನು, ಹವಳ, ಸಮುದ್ರ ಹೂವು, ಸಿಹಿನೀರಿನ ಹೈಡ್ರಾ ಇವೆಲ್ಲವನ್ನೂ ಒಂದೇ ವಂಶಕ್ಕೆ ಸೇರಿಸುವ ಲಕ್ಷಣವೇ ಇದು. ಪ್ರತಿ ಕೋಶದಲ್ಲಿಯೂ ಸುರುಳಿ ಸುತ್ತಿದ ದಾರವಿರುವ ಸೂಕ್ಷ್ಮ ಗುಳಿಗೆಯೊಂದಿದ್ದು, ಅದರೊಳಗಿನ ಒತ್ತಡ ಸುಮಾರು 150 ವಾಯುಭಾರದಷ್ಟು ಇರುತ್ತದೆ. ಹೈಡ್ರಾದಲ್ಲಿ ಅತಿ ವೇಗದ ಕ್ಯಾಮೆರಾದಿಂದ ಅಳೆದಾಗ ಗುಳಿಗೆಯೊಳಗಿನ ಮುಳ್ಳು ಹೊರಚಿಮ್ಮಲು ತಗಲಿದ ಕಾಲ ಕೇವಲ 700 ನ್ಯಾನೋಸೆಕೆಂಡ್. ಪ್ರಾಣಿಲೋಕದ ಅತ್ಯಂತ ವೇಗದ ಚಲನೆಗಳಲ್ಲಿ ಇದು ಒಂದು. ಮಿದುಳಾಗಲಿ ಮೂಳೆಯಾಗಲಿ ಹಲ್ಲಾಗಲಿ ಇಲ್ಲದ, ಮುಟ್ಟಿದರೆ ಹರಿಯುವಷ್ಟು ಮೃದುವಾದ ದೇಹ ಗಟ್ಟಿ ಚಿಪ್ಪಿನ ಸಿಗಡಿಮರಿಯನ್ನು ಹಿಡಿಯಬಲ್ಲದು ಎಂಬುದಕ್ಕೆ ವಿವರಣೆ ಇಲ್ಲಿದೆ. ಚಂದ್ರ ಜೆಲ್ಲಿಯ ಕುಟುಕು ಮನುಷ್ಯರಿಗೆ ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಹಾಗೆಂದು ತೊಟ್ಟಿಯಲ್ಲಿ ಕೈಯಾಡಿಸಿ ಅದೇ ಕೈಯಿಂದ ಕಣ್ಣುಜ್ಜಿಕೊಳ್ಳುವುದು ತರವಲ್ಲ.

ಆಹಾರದ ಪ್ರಮಾಣದ ಬಗ್ಗೆ ಕೈಪಿಡಿ ಹೇಳುವುದು ಅರ್ಧ ಸತ್ಯ. ಹೆಚ್ಚಾದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಆದ್ದರಿಂದ ಮಿತವಾಗಿ ಕೊಡಿ ಎಂಬ ಎಚ್ಚರಿಕೆ ಅದರಲ್ಲಿದೆ, ಅದು ಅಗತ್ಯವೂ ಹೌದು. ಕಡಿಮೆಯಾದರೆ ಏನಾಗುತ್ತದೆ ಎಂಬುದು ಮಾತ್ರ ಇಲ್ಲ. ಹಸಿದ ಚಂದ್ರ ಜೆಲ್ಲಿ ಬೇಗ ಸಾಯುವುದಿಲ್ಲ, ಕುಗ್ಗುತ್ತದೆ. ತನ್ನದೇ ದೇಹವನ್ನು ಕರಗಿಸಿಕೊಳ್ಳುತ್ತ, ಆಕಾರದ ಅನುಪಾತವನ್ನು ಬಹುಪಾಲು ಉಳಿಸಿಕೊಂಡು ಚಿಕ್ಕದಾಗುತ್ತ ಹೋಗುತ್ತದೆ, ಆಹಾರ ಮತ್ತೆ ಸಿಕ್ಕಾಗ ಮತ್ತೆ ಬೆಳೆಯುತ್ತದೆ. ಆಹಾರ ಒಂದೆಡೆ ರಾಶಿಯಾಗಿ, ಇನ್ನೊಂದೆಡೆ ಇಲ್ಲವೇ ಇಲ್ಲವೆಂಬಂತೆ ಹರಡಿರುವ ಸಮುದ್ರದಲ್ಲಿ ಇದು ಬಹಳ ಬೆಲೆಯುಳ್ಳ ಸಾಮರ್ಥ್ಯ. ತೊಟ್ಟಿಯಲ್ಲಿ ಇದೇ ಗುಣ ಸಾಕುವವರನ್ನು ದಾರಿ ತಪ್ಪಿಸುತ್ತದೆ. ಪ್ರಾಣಿ ಚೆನ್ನಾಗಿಯೇ ಬಡಿಯುತ್ತಿರುತ್ತದೆ, ಸುಂದರವಾಗಿಯೇ ಕಾಣುತ್ತದೆ, ಆದರೆ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತಿರುತ್ತದೆ. ತೊಟ್ಟಿಯ ಹೊರಗೆ ಅಳತೆಪಟ್ಟಿ ಹಿಡಿದು ಆಗಾಗ ಕೊಡೆಯ ಅಗಲವನ್ನು ಬರೆದಿಟ್ಟುಕೊಳ್ಳಿ ಎಂಬ ಒಂದು ಸಾಲು ಕೈಪಿಡಿಯಲ್ಲಿ ಇರಬೇಕಿತ್ತು.

ದೀಪದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನೀಲಿ ಬೆಳಕಿನಲ್ಲಿ ದೇಹದ ಅಂಚುಗಳು ಚೆನ್ನಾಗಿ ಕಾಣುತ್ತವೆ, ಉಳಿದ ಬಣ್ಣಗಳು ನೋಡುವವರ ಖುಷಿಗಾಗಿ ಮಾತ್ರ. ಹಗಲು, ಕತ್ತಲೆಗಳ ನಿಯಮವನ್ನು ಅನುಸರಿಸುವ ಸಮಯಸೂಚಿ ಇದ್ದಿದ್ದರೆ ಬಣ್ಣಗಳಿಗಿಂತ ಹೆಚ್ಚು ಉಪಯೋಗವಾಗುತ್ತಿತ್ತು, ಏಕೆಂದರೆ ಈ ಪ್ರಾಣಿ ಬೆಳಕನ್ನು ಗ್ರಹಿಸುತ್ತದೆ. ಕೊಡೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಮಾನ ದೂರದಲ್ಲಿ ಎಂಟು ಸಣ್ಣ ಕಚ್ಚುಗಳು ಕಾಣುತ್ತವೆ. ಪ್ರತಿಯೊಂದರಲ್ಲಿಯೂ ರೋಪೇಲಿಯಂ ಎಂಬ ಸಂವೇದಕ ಅಂಗವಿದೆ. ಬೆಳಕನ್ನು ಗುರುತಿಸುವ ಚುಕ್ಕೆಗಳು, ಮೇಲೆ ಕೆಳಗೆ ಯಾವುದೆಂದು ತಿಳಿಸುವ ಸೂಕ್ಷ್ಮ ಹರಳುಗಳು, ಬಡಿತದ ಲಯವನ್ನು ಹುಟ್ಟಿಸುವ ನರಕೋಶಗಳು ಎಲ್ಲವೂ ಅಲ್ಲಿಯೇ ಇವೆ. ಈ ಹರಳುಗಳ ಮಹತ್ವ ತಿಳಿಯಲು 1991ರ ಜೂನ್‌ನಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆಯಲ್ಲಿ 2,478 ಚಂದ್ರ ಜೆಲ್ಲಿಗಳ ಎಳೆಯ ರೂಪಗಳನ್ನು ಕಳುಹಿಸಲಾಗಿತ್ತು. ತೂಕವಿಲ್ಲದ ಸ್ಥಿತಿಯಲ್ಲಿ ಬೆಳೆದ ಮರಿಗಳಲ್ಲಿ ಭೂಮಿಗೆ ಮರಳಿದ ಮೇಲೆ ಬಡಿತದ ದೋಷಗಳು ಹೆಚ್ಚಾಗಿ ಕಂಡುಬಂದವು.

ಈಗ ಕೈಪಿಡಿಯ ಬಗ್ಗೆ ನನ್ನ ಗಂಭೀರವಾದ ಆಕ್ಷೇಪ. ಅದರ ಮೊದಲ ಪುಟದಲ್ಲಿಯೇ ‘50 ಕೋಟಿ ವರ್ಷಗಳಿಂದ ಒಂದಿಷ್ಟೂ ಬದಲಾಗದ, ಅತ್ಯಂತ ಸರಳವಾದ ಆದಿಮ ಜೀವಿ’ ಎಂಬ ಮಾತಿದೆ. ಈ ವಂಶದ ಪ್ರಾಚೀನತೆ ನಿಜ. ಕೆನಡಾದ ಬರ್ಜೆಸ್ ಶೇಲ್ ಬಂಡೆಗಳಲ್ಲಿ ಸಿಕ್ಕ 182 ಪಳೆಯುಳಿಕೆಗಳನ್ನು ಆಧರಿಸಿ 2023ರಲ್ಲಿ ವಿವರಿಸಲಾದ ಬರ್ಜೆಸೊಮೆಡೂಸಾ ಎಂಬ ಜೆಲ್ಲಿ ಮೀನು ಸುಮಾರು 50.5 ಕೋಟಿ ವರ್ಷಗಳಷ್ಟು ಹಳೆಯದು. ಅದರ ಕೊಡೆ ಸುಮಾರು 20 ಸೆಂಟಿಮೀಟರ್‌ವರೆಗೆ ಬೆಳೆಯುತ್ತಿತ್ತು, ಅಂಚಿನಲ್ಲಿ 90ಕ್ಕೂ ಹೆಚ್ಚು ಗ್ರಹಣಾಂಗಗಳಿದ್ದವು. ಶೇ. 95ರಷ್ಟು ನೀರೇ ಇರುವ ದೇಹ ಕಲ್ಲಿನಲ್ಲಿ ಇಷ್ಟು ಸ್ಪಷ್ಟವಾಗಿ ಉಳಿದಿರುವುದೇ ಒಂದು ಅಚ್ಚರಿ. ಇಂಗ್ಲೆಂಡಿನ ಚಾರ್ನ್‌ವುಡ್ ಅರಣ್ಯದಲ್ಲಿ ಸಿಕ್ಕು 2022ರಲ್ಲಿ ಹೆಸರು ಪಡೆದ ಆರೋರಲುಮಿನಾ ಇನ್ನೂ ಹಳೆಯದು, ಸುಮಾರು 56 ಕೋಟಿ ವರ್ಷಗಳದ್ದು. ಆದರೆ ಅದು ಈಜುವ ಕೊಡೆಯ ರೂಪದಲ್ಲಿಲ್ಲ. ತಳಕ್ಕೆ ಅಂಟಿಕೊಂಡು, ಗ್ರಹಣಾಂಗಗಳನ್ನು ಮೇಲಕ್ಕೆ ಚಾಚಿದ ಬಟ್ಟಲಿನ ರೂಪದಲ್ಲಿದೆ.

ಹಳೆಯದು ಎಂಬುದರಿಂದ ಬದಲಾಗದ್ದು ಎಂಬ ತೀರ್ಮಾನ ಹೊರಡುವುದಿಲ್ಲ. ಒಂದೇ ಮೂಲದಿಂದ ಹೊರಟ ಜೆಲ್ಲಿ ಮೀನುಗಳು ಸಮುದ್ರದ ಒಂದೊಂದು ನೆಲೆಗೂ ಒಂದೊಂದು ಬಗೆಯಲ್ಲಿ ಹೊಂದಿಕೊಂಡಿವೆ. ಕಾಂಡ್ಲಾ ಕಾಡುಗಳ ಬೇರುಗಳ ನಡುವೆ ಈಜುವ ಪೆಟ್ಟಿಗೆ ಜೆಲ್ಲಿ ಟ್ರೈಪೆಡೇಲಿಯಾಕ್ಕೆ 24 ಕಣ್ಣುಗಳಿವೆ, ಅವುಗಳಲ್ಲಿ ಕೆಲವಕ್ಕೆ ಮಸೂರವೂ ಇದೆ. ಕೇಂದ್ರ ಮಿದುಳಿಲ್ಲದಿದ್ದರೂ ಅದು ಡಿಕ್ಕಿಯ ಅನುಭವದಿಂದ ಕಲಿತು ಅಡೆತಡೆಗಳನ್ನು ತಪ್ಪಿಸಿಕೊಳ್ಳುತ್ತದೆ ಎಂಬುದು 2023ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂತು. ಬೇರುಗಳೆಂಬ ಗೋಡೆಗಳ ನಡುವೆ ಬದುಕುವ ಜೆಲ್ಲಿಗೆ ಗೋಡೆಯನ್ನು ತಪ್ಪಿಸಿಕೊಳ್ಳುವ ಶಕ್ತಿ ಬಂದಿದೆ, ತೆರೆದ ನೀರಿನ ಚಂದ್ರ ಜೆಲ್ಲಿಗೆ ಬಂದಿಲ್ಲ ಎಂಬ ಈ ಒಂದು ವ್ಯತ್ಯಾಸವೇ ನನ್ನ ತೊಟ್ಟಿ ದುಂಡಗಿರಬೇಕಾದ ಕಾರಣವನ್ನು ಹೇಳುತ್ತದೆ. ಕ್ಯಾಸಿಯೋಪಿಯಾ ಆಳವಿಲ್ಲದ ನೀರಿನ ತಳದಲ್ಲಿ ತಲೆಕೆಳಗಾಗಿ ಮಲಗಿ, ತನ್ನ ಅಂಗಾಂಶದಲ್ಲಿ ನೆಲೆಸಿರುವ ಪಾಚಿಗಳಿಗೆ ಬಿಸಿಲು ಒದಗಿಸಿ ಅವುಗಳಿಂದ ಆಹಾರ ಪಡೆಯುತ್ತದೆ. ಅದು ರಾತ್ರಿ ನಿದ್ರೆಯಂಥ ಸ್ಥಿತಿಗೆ ಜಾರುತ್ತದೆಂದು 2017ರಲ್ಲಿ ತೋರಿಸಲಾಯಿತು. ಆಳ ಸಮುದ್ರದ ಅಟೊಲ್ಲಾ ಕಡುಗೆಂಪಾಗಿದೆ. ಕೆಂಪು ಬೆಳಕು ತಲುಪದ ಆಳದಲ್ಲಿ ಆ ಬಣ್ಣ ಕಪ್ಪಿನಂತೆಯೇ ಮರೆಮಾಡುತ್ತದೆ. ಟುರಿಟಾಪ್ಸಿಸ್ ಡೋರ್ನಿ ಗಾಯವಾದಾಗ ಅಥವಾ ಹಸಿವಿನಿಂದ ಬಳಲಿದಾಗ ಬೆಳೆದ ರೂಪದಿಂದ ಮತ್ತೆ, ತಳಕ್ಕೆ ಅಂಟಿಕೊಂಡು ಬದುಕುವ ಪಾಲಿಪ್ ಎಂಬ ಎಳೆಯ ರೂಪಕ್ಕೆ ಮರಳಬಲ್ಲದು. ಹೈಡ್ರಾವಂತೂ ಈಜುವ ಕೊಡೆಯ ರೂಪವನ್ನೇ ಕಳೆದುಕೊಂಡು ಸಿಹಿನೀರಿನಲ್ಲಿ ನೆಲೆಸಿದೆ. ಇಷ್ಟೆಲ್ಲ ಬದಲಾವಣೆಗಳಿರುವ ವಂಶವನ್ನು ‘ಒಂದಿಷ್ಟೂ ಬದಲಾಗದ’ ಎಂದು ಬರೆಯುವುದು ಆ ಪ್ರಾಣಿಗೆ ಮಾಡಿದ ಅನ್ಯಾಯ ಎಂದೇ ನನ್ನ ಭಾವನೆ. ಅದೇ ಕೈಪಿಡಿಯಲ್ಲಿ ಜೆಲ್ಲಿ ಮೀನುಗಳ ಬಗೆಗಳು ಎಂಬ ಶೀರ್ಷಿಕೆಯ ಕೆಳಗೆ, ಕಾಮನಬಿಲ್ಲಿನ ಬಣ್ಣಗಳಲ್ಲಿ ಮಿನುಗುವ ಬಾಚಣಿಗೆ ಜೆಲ್ಲಿಯ ಚಿತ್ರವಿದೆ. ಅದು ಜೆಲ್ಲಿ ಮೀನೇ ಅಲ್ಲ, ಟೀನೊಫೋರ ಎಂಬ ಬೇರೆಯೇ ವಂಶಕ್ಕೆ ಸೇರಿದ್ದು.

ಸರಳ ಎಂಬ ಮಾತೂ ಇಷ್ಟೇ ಅವಸರದ್ದು. ಸರಳ ಎಂದು ಕರೆಯುವವರು ಈ ಪ್ರಾಣಿಯ ಬದುಕಿನ ಅರ್ಧವನ್ನು ಮಾತ್ರ ನೋಡಿರುತ್ತಾರೆ. ಚಂದ್ರ ಜೆಲ್ಲಿ ಎರಡು ಬೇರೆ ಬೇರೆ ಪರಿಸರಗಳಲ್ಲಿ, ಎರಡು ಬೇರೆ ಬೇರೆ ದೇಹಗಳಲ್ಲಿ ಬದುಕುತ್ತದೆ. ಮೊಟ್ಟೆಯಿಂದ ಹೊರಬರುವ ಪ್ಲಾನುಲಾ ಎಂಬ ಮರಿ ಕೆಲಕಾಲ ಈಜಿ, ಕಲ್ಲು, ಚಿಪ್ಪು ಅಥವಾ ಅಂಥ ಗಟ್ಟಿ ವಸ್ತುವಿನ ಅಡಿಗೆ ಅಂಟಿಕೊಂಡು ಪಾಲಿಪ್ ಆಗುತ್ತದೆ. ಕೆಲವೇ ಮಿಲಿಮೀಟರ್ ಎತ್ತರದ ಈ ಪಾಲಿಪ್ ತನ್ನಿಂದಲೇ ಇನ್ನಷ್ಟು ಪಾಲಿಪ್‌ಗಳನ್ನು ಮೊಳೆಯಿಸುತ್ತ ವರ್ಷಗಟ್ಟಲೆ ಬದುಕಬಲ್ಲದು. ನೀರಿನ ಉಷ್ಣತೆ ಬದಲಾದಾಗ, ಸಾಮಾನ್ಯವಾಗಿ ಚಳಿಗಾಲದ ತಂಪಿನ ನಂತರ, ಅದರ ದೇಹ ಅಡ್ಡಡ್ಡಲಾಗಿ ಬಿಲ್ಲೆಗಳಂತೆ ವಿಭಾಗಗೊಂಡು, ಪ್ರತಿ ಬಿಲ್ಲೆಯೂ ಎಂಟು ತೋಳುಗಳ ಎಫೈರಾ ಎಂಬ ಮರಿಯಾಗಿ ಬೇರ್ಪಟ್ಟು ಈಜತೊಡಗುತ್ತದೆ. ಜರ್ಮನಿಯ ಸಂಶೋಧಕರು 2014ರಲ್ಲಿ ಈ ತಂಪಿನ ಅವಧಿಯನ್ನು ಲೆಕ್ಕವಿಡುವ ಸಿಎಲ್390 ಎಂಬ ಜೀನ್ ಅನ್ನು ಗುರುತಿಸಿದರು. ತಂಪು ಮುಂದುವರಿದಂತೆ ಅದರ ಚಟುವಟಿಕೆ ಹೆಚ್ಚುತ್ತ ಹೋಗಿ, ಒಂದು ಮಟ್ಟ ತಲುಪಿದಾಗ ರೂಪಾಂತರ ಶುರುವಾಗುತ್ತದೆ. ತಪ್ಪಾಗಿ ಬಂದ ಒಂದೆರಡು ತಣ್ಣನೆಯ ದಿನಗಳಿಗೆ ಪಾಲಿಪ್ ಮೋಸಹೋಗದಿರುವುದು ಈ ಏರ್ಪಾಡಿನಿಂದ.

ಹವಳ, ಸಮುದ್ರ ಹೂವುಗಳ ಕವಲಿನಲ್ಲಿ ಈಜುವ ಕೊಡೆಯ ಹಂತವೇ ಇಲ್ಲ. ಹಾಗಾಗಿ ಪಾಲಿಪ್ ಮೊದಲಿನದು, ಕೊಡೆ ನಂತರ ಸೇರಿದ್ದು ಎಂಬ ಕಡೆಗೆ ಹೆಚ್ಚಿನ ವಿಜ್ಞಾನಿಗಳ ಒಲವಿದೆ. 2018ರ ಕೊನೆ ಮತ್ತು 2019ರಲ್ಲಿ ಪ್ರಕಟವಾದ ಆರೇಲಿಯಾದ ಜೀನೋಮ್ ಅಧ್ಯಯನಗಳ ಪೈಕಿ ಒಂದು, ಕೊಡೆಯ ಹಂತಕ್ಕೆ ಬೇಕಾದ ಜೀನ್‌ಗಳಲ್ಲಿ ಬಹಳಷ್ಟು ಹೊಸದಾಗಿ ಹುಟ್ಟಿದವಲ್ಲ, ಮೊದಲೇ ಇದ್ದವನ್ನು ಬೇರೆ ಕಾಲದಲ್ಲಿ, ಬೇರೆ ಜೋಡಣೆಯಲ್ಲಿ ಬಳಸಿಕೊಂಡಂಥವು ಎಂದು ತೋರಿಸಿತು. ತಳದಲ್ಲಿ ಕಾಯುವ ದೇಹ, ತೇಲಿ ಹರಡುವ ದೇಹ ಎಂಬ ಈ ಜೋಡಿಯಿಂದಲೇ ಜೆಲ್ಲಿ ಮೀನುಗಳು ಕೆಟ್ಟ ಕಾಲವನ್ನು ತಳದಲ್ಲಿ ಕಳೆದು, ಒಳ್ಳೆಯ ಕಾಲ ಬಂದಾಗ ಒಮ್ಮೆಗೇ ಲಕ್ಷಗಟ್ಟಲೆಯಾಗಿ ಮೇಲೇಳುತ್ತವೆ. 2013ರಲ್ಲಿ ಸ್ವೀಡನ್ನಿನ ಓಸ್ಕರ್ಷಾಮ್ನ್ ಅಣುಸ್ಥಾವರದ ತಂಪುನೀರಿನ ಕೊಳವೆಗಳಿಗೆ ಅಡ್ಡಗಟ್ಟಿ, ಒಂದು ರಿಯಾಕ್ಟರನ್ನು ನಿಲ್ಲಿಸುವಂತೆ ಮಾಡಿದ್ದು ಇದೇ ಚಂದ್ರ ಜೆಲ್ಲಿಗಳ ದಂಡು.

ಈ ತೊಟ್ಟಿಯ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಪ್ರಾಣಿಗಳು ಬೆಳೆದು ಬಲಿತ ಮೇಲೆ ಫಿಲ್ಟರ್ ಕೋಣೆಯ ಜಾಲರಿಯ ಹಿಂಬದಿಯಲ್ಲಿ, ಬೆಳಕು ಬೀಳದ ಕಡೆ, ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಭೂತಗನ್ನಡಿ ಹಿಡಿದರೆ ಪ್ರತಿ ಚುಕ್ಕೆಗೂ ಕೂದಲಿನಷ್ಟು ತೆಳ್ಳನೆಯ ಗ್ರಹಣಾಂಗಗಳ ಬಳೆಯಿತ್ತು. ಕೈಪಿಡಿಯಲ್ಲಿ ಇವುಗಳ ಬಗ್ಗೆ ಇರುವುದು ಒಂದೇ ಸಾಲು: ‘ಬಿಳಿ ಕಲೆಗಳು ಕಂಡರೆ ಉಜ್ಜಿ ತೆಗೆಯಿರಿ.’ ಗೋಡೆಯಿಲ್ಲದ ಬದುಕಿಗಾಗಿ ಇಷ್ಟು ಜಾಣತನದಿಂದ ತೊಟ್ಟಿ ರೂಪಿಸಿದವರು, ಅದೇ ಪ್ರಾಣಿಗೆ ಬದುಕಿನ ಇನ್ನೊಂದು ಭಾಗದಲ್ಲಿ ಗೋಡೆಯೇ ಬೇಕು ಎಂಬುದನ್ನು ಗಮನಿಸಲೇ ಇಲ್ಲ. ತೆಗೆದು ಬೇರೆ ಪಾತ್ರೆಯಲ್ಲಿ ಇಡಬಹುದಾದ ಒಂದು ಸಣ್ಣ ಫಲಕವನ್ನು ಫಿಲ್ಟರ್ ಕೋಣೆಯಲ್ಲಿ ಜೋಡಿಸಿದ್ದರೆ ಸಾಕಿತ್ತು. ನಾನು ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಅಲ್ಲಿ ಸಿಕ್ಕಿಸಿಟ್ಟು, ಅದರ ಮೇಲೆ ನೆಲೆಸಿದ ಪಾಲಿಪ್‌ಗಳನ್ನು ಬೇರೆ ಗಾಜಿನ ಪಾತ್ರೆಗೆ ಸಾಗಿಸಿದೆ. ತಂಪಾದ ನೀರಿನಲ್ಲಿ ಇಟ್ಟ ಮೇಲೆ ಅವುಗಳಲ್ಲಿ ಕೆಲವು ಕಂದುಬಣ್ಣಕ್ಕೆ ತಿರುಗಿ, ಉಂಗುರ ಉಂಗುರವಾಗಿ ಬಿರಿದು, ತುದಿಯ ಉಂಗುರಗಳು ಕಳಚಿಕೊಳ್ಳುವ ಮೊದಲೇ ಬಡಿಯತೊಡಗಿದವು.

ಆ ಎಫೈರಾಗಳನ್ನು ದೊಡ್ಡ ತೊಟ್ಟಿಗೆ ಬಿಟ್ಟಾಗ ಜಾಲರಿಯ ಸೀಳುಗಳು ಅವುಗಳಿಗೆ ಅಗಲವಾದವೆಂದು ತಿಳಿಯಿತು. ಒಂದು ಮರಿ ಸಿಕ್ಕಿಕೊಂಡು ಮೂರು ತೋಳುಗಳನ್ನು ಕಳೆದುಕೊಂಡಿತು. ಅದನ್ನು ಬೇರೆ ಇಟ್ಟು ನೋಡುತ್ತಿದ್ದಾಗ ನಡೆದದ್ದು, ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ಮೈಕೆಲ್ ಏಬ್ರಮ್ಸ್, ಲೀ ಗೊಯೆಂಟೊರೊ ಮತ್ತು ಸಂಗಡಿಗರು 2015ರಲ್ಲಿ ವಿವರಿಸಿದ ಬಗೆಯಲ್ಲಿಯೇ ಇತ್ತು. ಕಳೆದುಹೋದ ತೋಳುಗಳು ಮತ್ತೆ ಬೆಳೆಯಲಿಲ್ಲ. ಉಳಿದ ಐದು ತೋಳುಗಳೇ ನಿಧಾನವಾಗಿ ಸರಿದು, ಖಾಲಿ ಜಾಗವನ್ನು ಹಂಚಿಕೊಂಡು, ಸಮಾನ ದೂರಗಳಲ್ಲಿ ನಿಂತವು. ಈ ಮರುಹೊಂದಿಕೆಯನ್ನು ಮಾಡುವುದು ಬಡಿತದ ಸ್ನಾಯುಗಳೇ, ಅವು ಕುಗ್ಗಿ ಸಡಿಲುವ ಬಲದಿಂದಲೇ ತೋಳುಗಳು ಸರಿಯುತ್ತವೆ ಎಂಬುದು ಆ ಸಂಶೋಧಕರು ಕಂಡುಕೊಂಡ ಸಂಗತಿ. ಸಮತೋಲ ತಪ್ಪಿದ ದೇಹ ನೇರವಾಗಿ ಈಜಲಾರದು, ಈಜಲಾರದ ಮರಿಗೆ ಆಹಾರ ಸಿಗದು. ಅಂಗಕ್ಕಿಂತ ಸಮತೋಲವನ್ನು ಮೊದಲು ಸರಿಪಡಿಸಿಕೊಳ್ಳುವುದು ತೇಲಿ ಬದುಕುವ ಜೀವಿಯ ಅಗತ್ಯ. ಇಂಥದ್ದನ್ನು ಕಣ್ಣಾರೆ ಕಾಣಲು ಅವಕಾಶ ಕೊಡುವ ಸಾಧನವನ್ನು ನಾನು ಕೇವಲ ಅಲಂಕಾರದ ವಸ್ತುವೆಂದು ಕರೆಯಲಾರೆ. ಆದರೆ ಕಂಪನಿ ಎಫೈರಾಗಳಿಗಾಗಿ ಇನ್ನಷ್ಟು ನವಿರಾದ ಬದಲಿ ಜಾಲರಿಯೊಂದನ್ನು ಕೊಡಲೇಬೇಕು.

ಐದರಲ್ಲಿ ಎಷ್ಟು ಅಂಕ ಎಂದು ಕೇಳಿದರೆ, ತೊಟ್ಟಿಯ ಆಕಾರ ಮತ್ತು ಹರಿವಿಗೆ ನಾಲ್ಕೂವರೆ, ಕೈಪಿಡಿಗೆ ಎರಡು ಕೊಡುತ್ತೇನೆ. ದಿನವೂ ಆರ್ಟೀಮಿಯಾ ಮೊಟ್ಟೆ ಒಡೆಸಿ, ನೀರಿನ ಅಮೋನಿಯಾ ಮತ್ತು ಉಪ್ಪಿನ ಮಟ್ಟ ನೋಡಿ, ನಿಯಮಿತವಾಗಿ ನೀರು ಬದಲಿಸಲು ಸಮಯವಿರುವವರು ಇದನ್ನು ಕೊಳ್ಳಬಹುದು. ವಾರಗಟ್ಟಲೆ ಮನೆ ಬಿಟ್ಟು ಹೋಗುವವರು ಕೊಳ್ಳಬಾರದು. ತೊಟ್ಟಿಯನ್ನು ಮೊದಲು ಪ್ರಾಣಿಗಳಿಲ್ಲದೆ ಕೆಲವು ವಾರ ಓಡಿಸಿ, ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಸಿದ ಮೇಲೆಯೇ ಪ್ರಾಣಿಗಳನ್ನು ತರಿಸಿಕೊಳ್ಳಬೇಕು. ಸಮುದ್ರದಿಂದ ಹಿಡಿದವನ್ನಲ್ಲದೆ ಸಾಕಣೆಯಲ್ಲಿ ಹುಟ್ಟಿದವನ್ನೇ ಕೇಳಿ ಪಡೆಯಬೇಕು.

ಬಳಸಿದ ತೊಟ್ಟಿಯನ್ನು ಮಾರುವವರಿಗೂ ಕೊಳ್ಳುವವರಿಗೂ ಒಂದು ಮಾತು. ಜೆಲ್ಲಿಗಳನ್ನಾಗಲಿ ತೊಟ್ಟಿಯ ನೀರನ್ನಾಗಲಿ ಸಮುದ್ರಕ್ಕೆ, ಅಳಿವೆಗೆ ಬಿಡಬಾರದು. ಕಣ್ಣಿಗೆ ಖಾಲಿ ಕಾಣುವ ತೊಟ್ಟಿಯ ಜಾಲರಿಯಲ್ಲಿ ಪಾಲಿಪ್‌ಗಳು ಉಳಿದಿರಬಹುದು, ಕೆಲವು ಜಾತಿಗಳ ಪಾಲಿಪ್‌ಗಳು ಆಹಾರವಿಲ್ಲದೆ ಬಹುಕಾಲ ತಡೆಯುವ ಗಟ್ಟಿ ಹೊದಿಕೆಯ ಕೋಶಗಳನ್ನೂ ಬಿಟ್ಟಿರುತ್ತವೆ. ಜಾಲರಿ, ಕೊಳವೆ, ಪಂಪ್ ಎಲ್ಲವನ್ನೂ ಬಿಚ್ಚಿ, ಸಿಹಿನೀರಿನಲ್ಲಿ ನೆನೆಸಿಟ್ಟು, ಚೆನ್ನಾಗಿ ಉಜ್ಜಿ, ಪೂರ್ತಿ ಒಣಗಿದ ಮೇಲೆಯೇ ಕೈ ಬದಲಾಯಿಸಬೇಕು.